ದುಂಡಪ್ಪನ ಮಾತಿಗೆ ನಕ್ಕವರು

ನಮ್ಮ ದೊಡ್ಡಜ್ಜ ದುಂಡಪ್ಪನ ಹೆಸರನ್ನು ವಿಕ್ರಮ ಅಂತ ಬದಲಾಯಿಸಿದವರು ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಸುದರ್ಶನ್. ಬ್ರಿಟಿಷರ ಪೊಲೀಸರು ಕೂಡ ಆ ಹೆಸರಿಗೆ ಕೈ ಹಚ್ಚಿರಲಿಲ್ಲ. ವಾರಂಟಿನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಸಮೇತ ನೆಟ್ಟಗೆ ಬರೆದುಕೊಂಡು ಬಂದಿದ್ದರಂತೆ. ಹಿಡಿದು ಕೊಲ್ಲುವವರಿಗೆ ಇದ್ದಷ್ಟು ಮರ್ಯಾದೆ ನಾಟಕ ಬರೆಯುವವರಿಗೆ ಇರಲಿಲ್ಲ.

ದೊಡ್ಡಜ್ಜ ಅಂದರೆ ನನ್ನ ಅಜ್ಜನ ಅಣ್ಣ. ಮಲಪ್ರಭೆ ದಂಡೆಯ ನಮ್ಮ ಊರಿನಲ್ಲಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಸಾಲಿಯ ಮಾಸ್ತರನಾಗಿದ್ದ ಹುಡುಗ. ನಲವತ್ತೆರಡನೇ ಇಸವಿಯಲ್ಲಿ ಅವನಿಗೆ ಹತ್ತೊಂಬತ್ತು ವರ್ಷ. ಆ ವರ್ಷ ಅವನು ಸಾಲಿ ಬಿಟ್ಟ, ಇನ್ನು ನಾಲ್ಕು ಜನರ ಜೊತೆ ಸೇರಿ ತಂತಿ ಕಂಬಗಳ ತಂತಿ ಕತ್ತರಿಸಿದ, ಚಾವಡಿಯ ದಫ್ತರಕ್ಕೆ ಬೆಂಕಿ ಹಚ್ಚಿದ. ಆಮೇಲೆ ಮೂರು ತಿಂಗಳು ಜೋಳದ ಹೊಲಗಳಲ್ಲಿ ಅಡಗಿಕೊಂಡಿದ್ದ. ಎಳ್ಳ ಅಮಾವಾಸ್ಯೆಯ ದಿನ ಮಗ ಮನೆಗೆ ಬಂದೇ ಬರುತ್ತಾನೆ ಅಂತ ಲೆಕ್ಕ ಹಾಕಿದ ಫೌಜದಾರ ಬೆಳಿಗ್ಗೆಯೇ ಬಂದು ಕಾದು ಕೂತಿದ್ದ. ದುಂಡಪ್ಪ ಬಂದ. ಹಿಡಿದರು. ಬೀದಿಯಲ್ಲಿ ಎಳೆದುಕೊಂಡು ಹೋಗುವಾಗ ಅವನ ತಾಯಿ ಎದೆ ಎದೆ ಬಡಿದುಕೊಂಡು ಹಿಂದೆ ಓಡಿದಳು. ಅವನು ತಿರುಗಿ ನೋಡಿ ಒಂದೇ ಮಾತು ಹೇಳಿದ. "ಅಳಬ್ಯಾಡ ಯವ್ವಾ. ಇವರ ಮುಂದ ಅಳಬ್ಯಾಡ. ಒಳಗ ಹೋಗಿ ಬಾಗಲಾ ಹಾಕ್ಕೊಂಡ ಅಳು."

ಆಕೆ ಮುಖ ಒರೆಸಿಕೊಂಡು ಒಳಗೆ ಹೋಗಿ ಅಗಳಿ ಹಾಕಿದಳು. ಫೌಜದಾರನ ಮಂದಿ ಬೀದಿಯ ತಿರುವು ದಾಟುವವರೆಗೂ ಒಳಗಿನಿಂದ ಸದ್ದು ಬರಲಿಲ್ಲ. ನಮ್ಮಜ್ಜ ಆಗ ಹದಿನೈದು ವರ್ಷದವನು, ಆ ಬಾಗಿಲ ಹೊರಗೆ ನಿಂತಿದ್ದ. ನಲವತ್ತೊಂದನೇ ದಿನಕ್ಕೆ ಜೈಲಿನಿಂದ ಸುದ್ದಿ ಬಂತು, ಹೆಣ ಬರಲಿಲ್ಲ. ನಮ್ಮ ಊರಿನ ಬಗ್ಗೆ ಬಂದ ಯಾವ ಪುಸ್ತಕದಲ್ಲೂ ಅವನಿಲ್ಲ, ಯಾವ ಸರ್ಕಲ್ಲಿಗೂ ಅವನ ಹೆಸರಿಲ್ಲ. ನಮ್ಮ ಮನೆಯವರ ಬಾಯಲ್ಲಿ ಆ ಒಂದು ಮಾತಷ್ಟೇ ಉಳಿದಿದೆ. ಅಜ್ಜ ಅದನ್ನು ಹೇಳುವಾಗ ಒಂದಕ್ಷರ ಆಚೀಚೆ ಮಾಡುತ್ತಿರಲಿಲ್ಲ.

ಈ ಕಥೆಯನ್ನು ನಾನೇ ಹೋದ ಮೇ ತಿಂಗಳಲ್ಲಿ ಬಳಗದ ಮೀಟಿಂಗಿನಲ್ಲಿ ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ಬಿಡುವಿಗೆ, ಕೂತಾಗ ಹೇಳಿದ್ದೆ. ಆಗಸ್ಟಿನ ಸ್ವಾತಂತ್ರ್ಯ ದಿನಕ್ಕೆ ಏನು ಮಾಡುವುದು ಅಂತ ಚರ್ಚೆ ನಡೆದಿತ್ತು. ಪ್ರತಿ ವರ್ಷ ಮಕ್ಕಳಿಗೆ ವೇಷ ಹಾಕಿಸಿ ಅಂಟು ಮೀಸೆ ಹಚ್ಚಿ ನಿಲ್ಲಿಸುವುದು ಸಾಕಾಗಿದೆ ಅಂತ ಯಾರೋ ಅಂದರು. ನನ್ನ ಕಥೆ ಕೇಳಿ ಸುದರ್ಶನ್ ಕಾಫಿ ಕೆಳಗಿಟ್ಟು, ಇದನ್ನೇ ನಾಟಕ ಮಾಡೋಣ, ನಾನು ಬರೀತೀನಿ ಅಂದರು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಮನೆಗೆ ಹೋಗಿ ಊರಿಗೆ ಫೋನು ಹಚ್ಚಿ ಅವ್ವನಿಗೆ ಹೇಳಿದೆ. ಆಕೆ ದೇವರ ಮುಂದೆ ದೀಪ ಹಚ್ಚಿದಳು.

ಎರಡು ವಾರಕ್ಕೆ ಸ್ಕ್ರಿಪ್ಟ್ ವಾಟ್ಸ್ಯಾಪಿಗೆ ಬಂತು. ಫ್ಯಾಕ್ಟರಿಯ ಊಟದ ಕೋಣೆಯಲ್ಲಿ ಕೂತು ಓದಿದೆ. ನಾನು ಕೆಲಸ ಮಾಡುವುದು ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ. ಎದುರಿಗೆ ಕೂತಿದ್ದ ಸ್ವೀಡಿಷ್ ಸಹೋದ್ಯೋಗಿ ನನ್ನ ಮುಖ ನೋಡಿ ಊರಲ್ಲಿ ಏನಾದರೂ ಆಯಿತಾ ಅಂತ ಕೇಳಿದ.

ಆಗಿತ್ತು. ನಾಯಕ ವಿಕ್ರಮ ಬಸವನಗುಡಿಯ ಕಾಲೇಜು ಹುಡುಗನ ಹಾಗೆ ಮಾತಾಡುತ್ತಿದ್ದ. ಕೊನೆಯ ದೃಶ್ಯದಲ್ಲಿ ತಾಯಿಯ ಕಡೆ ತಿರುಗಿ, ಭಾರತಾಂಬೆಯ ಪಾದಕಮಲಗಳಿಗೆ ನನ್ನ ನೆತ್ತರಿನ ಕುಂಕುಮಾರ್ಚನೆ ಮಾಡುವೆನಮ್ಮಾ ಅಂತ ಒಂದೂವರೆ ಪುಟ ಭಾಷಣ ಬಿಗಿಯುತ್ತಿದ್ದ. ತಾಯಿಯೂ ಅದೇ ಧಾಟಿ. ಫೌಜದಾರನಿಗೂ ಗ್ರಾಂಥಿಕ ಕನ್ನಡ. ಇಡೀ ನಾಟಕದಲ್ಲಿ ನಮ್ಮ ಕಡೆಯ ಮಾತಾಡುವವನು ಒಬ್ಬನೇ ಒಬ್ಬ. ಬಸ್ಯಾ ಅನ್ನುವ ಹೊಟ್ಟೆಬಾಕ ಪೊಲೀಸ್ ಪೇದೆ. ಅವನ ಮಾತು ಬಂದಲ್ಲೆಲ್ಲ ಆವರಣದಲ್ಲಿ 'ನಗು' ಅಂತ ಬರೆದಿತ್ತು. ಆ ಪಾತ್ರದ ಎದುರು ನನ್ನ ಹೆಸರು, ಲಿಂಗರಾಜ.

ನನಗೆ ಮೈಯೆಲ್ಲ ಉರಿದುಹೋಯಿತು. ಮಲಪ್ರಭೆ ದಂಡೆಯಲ್ಲಿ ಹುಟ್ಟಿ ಸತ್ತ ಹುಡುಗನ ಬಾಯಿಂದ ಅವನ ಮಾತನ್ನು ಕಿತ್ತುಕೊಂಡು ಹೊಟ್ಟೆಬಾಕನ ಬಾಯಿಗೆ ತುರುಕಿದ್ದರು. ಆದರೆ ಸಿಟ್ಟಿನ ಅರ್ಧ ಪಾಲು ಯಾರ ಮೇಲೆ ಅಂತ ಗೊತ್ತಾದದ್ದು ಅದೇ ಸಂಜೆ.

ಮನೆಗೆ ಬಂದಾಗ ಅವ್ವನ ವಿಡಿಯೋ ಕಾಲ್ ಬಂದಿತ್ತು. ಹೆಂಡತಿ ವರ್ಷಾ ಮೈಸೂರಿನವಳು. ಅಡುಗೆಮನೆಯಲ್ಲಿದ್ದಳು, ಫೋನು ಮಗಳ ಕೈಯಲ್ಲಿತ್ತು. ಅಹನಾಗೆ ಹದಿನಾರು ವರ್ಷ, ಐದು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು. ಅವ್ವ ದಿನಾ ಕೇಳುವುದನ್ನೇ ಕೇಳಿದಳು. ಉಂಡಿಯೇನವಾ, ಸಾಲಿಗೆ ಹೋಗಿದ್ದಿಯೇನ ಅಂತ. ಅಹನಾ ಕಿಸಕ್ಕನೆ ನಕ್ಕಳು. ನಾನು ಯಾಕೆ ಅಂದೆ. ಅಜ್ಜಿ ಪಪ್ಪನ ಕಾಮಿಡಿ ವಾಯ್ಸ್ ಮಾಡ್ತಾ ಇದ್ದಾರೆ ಅಂತ ಸ್ವೀಡಿಷ್‌ನಲ್ಲಿ ಹೇಳಿ ಫೋನು ನನಗೆ ಕೊಟ್ಟು ಹೋದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವ್ವನಿಗೆ ಸ್ವೀಡಿಷ್ ಬಾರದು, ಮೊಮ್ಮಗಳು ಖುಷಿಯಾಗಿದ್ದಾಳೆ ಅಂತ ಆಕೆಯೂ ನಕ್ಕಳು.

ಪಪ್ಪನ ಕಾಮಿಡಿ ವಾಯ್ಸ್. ಸುಳ್ಳಲ್ಲ. ಹನ್ನೊಂದು ವರ್ಷದ ಹಿಂದೆ ಈ ಊರಿಗೆ ಬಂದ ಹೊಸದರಲ್ಲಿ, ಎಲ್ಲರೂ ಅಡುಗೆ ತಂದು ಹಂಚಿಕೊಳ್ಳುವ ಬಳಗದ ಪಾಟ್‌ಲಕ್ಕಿಗೆ ಹೋಗಿ ಯಾರಿಗೋ ಚಹಾ ಕುಡೀತೀರೇನ್ರಿ ಅಂದಿದ್ದೆ, ಅಷ್ಟಕ್ಕೇ ಸುತ್ತಲಿನವರು ನಕ್ಕಿದ್ದರು. ಕೆಟ್ಟದಾಗಿ ನಗಲಿಲ್ಲ, ಪ್ರೀತಿಯಿಂದಲೇ ನಕ್ಕರು. ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ. ಹೊಸ ಊರಿನಲ್ಲಿ ನಾಲ್ಕು ಜನ ಬೇಕಾಗಿದ್ದ ಹೊತ್ತು ಅದು. ಆವತ್ತಿನಿಂದ ಎರಡು ನಾಲಗೆ ಇಟ್ಟುಕೊಂಡೆ. ಮನೆಯಲ್ಲಿ, ಬಳಗದ ಮೀಟಿಂಗಿನಲ್ಲಿ ನೀಟಾದ ಬೆಂಗಳೂರು ಕನ್ನಡ. ಯುಗಾದಿಗೆ, ದೀಪಾವಳಿಗೆ ಮೈಕ್ ಕೊಟ್ಟರೆ ಮಾತ್ರ ಊರಿನ ನಾಲಗೆ ಹೊರಗೆ. ಹುಬ್ಬು ಏರಿಸಿ, ಕೊನೆಯ ಅಕ್ಷರ ಎಳೆದು, ಮಿರ್ಚಿ ಭಜಿ, ಖಡಕ್ ರೊಟ್ಟಿ ಅಂತ ಮೂರು ಜೋಕು. ಜನ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಮಗಳು ಮುಂದಿನ ಸಾಲಿನಲ್ಲಿ ಕೂತು ನಗುತ್ತಾ ಬೆಳೆದಳು. ಆ ಮಾತಿನಲ್ಲಿ ಯಾರಾದರೂ ಅಳಬಹುದು, ಸಿಟ್ಟಾಗಬಹುದು, ಸಾಯಬಹುದು ಅಂತ ಅವಳಿಗೆ ಗೊತ್ತಾಗುವಂಥದ್ದು ಏನನ್ನೂ ನಾನು ಮಾಡಿರಲಿಲ್ಲ.

ದುಂಡಪ್ಪ ಒಂದು ಸಲವಾದರೂ ತನ್ನ ಮಾತಿನಲ್ಲೇ ಮಾತಾಡಬೇಕು, ಅದನ್ನು ಅಹನಾ ಕೇಳಬೇಕು. ಆ ಸಂಜೆ ನನಗೆ ಬೇಕಾದದ್ದು ಅಷ್ಟೇ.

ಮರುದಿನ ಸುದರ್ಶನ್ ಮನೆಗೆ ಹೋದೆ. ಒಳ್ಳೆಯ ಮನುಷ್ಯ, ಸಿಟ್ಟು ಮಾಡಿಕೊಳ್ಳುವುದೇ ಇಲ್ಲ, ಅದೇ ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. ದುಂಡಪ್ಪ ಅನ್ನುವ ಹೆಸರು ಸ್ಟೇಜಿನ ಮೇಲೆ ಕಾಮಿಡಿಯಾಗಿ ಕೇಳುತ್ತೆ ಅಂದರು. ನಾಯಕನ ಮಾತು ಎಲ್ಲರಿಗೂ ಅರ್ಥವಾಗಬೇಕಲ್ವಾ ಅಂದರು. ಪೇದೆಯ ಮಾತು ಎಲ್ಲರಿಗೂ ಹೇಗೆ ಅರ್ಥವಾಗುತ್ತದೆ ಅಂತ ಕೇಳಿದೆ.

"ಲಿಂಗರಾಜ್, ಬೇಜಾರ್ ಮಾಡ್ಕೋಬೇಡಿ," ಅಂದರು. "ನಿಮ್ ಸ್ಲ್ಯಾಂಗ್ ನಂಗೆ ತುಂಬಾ ಇಷ್ಟ. ಆದ್ರೆ ಅದರಲ್ಲಿ ಸೀರಿಯಸ್ ಸೀನ್ ವರ್ಕ್ ಆಗಲ್ಲ."

ಅದು ಸ್ಲ್ಯಾಂಗ್ ಅಲ್ಲ, ನಮ್ಮವ್ವನ ಮಾತು ಅಂದೆ. ಅವರು ಸಾರಿ ಅಂದರು. ನಿಜವಾಗಿಯೂ ನೊಂದುಕೊಂಡರು. ಆಮೇಲೆ ಕೊಡು ಕೊಳ್ಳುವ ಮಾತು ಶುರುವಾಯಿತು. ನಾಯಕನ ಹೆಸರು ದುಂಡಪ್ಪ ಅಂತಲೇ ಇರಲಿ, ಕೊನೆಯ ದೃಶ್ಯದ ಭಾಷಣ ತೆಗೆದು ಆ ಒಂದು ಮಾತನ್ನು ಇದ್ದ ಹಾಗೇ ಇಡೋಣ. ಬದಲಿಗೆ ನಾನು ಪೇದೆಯ ಪಾತ್ರ ಬಿಡಬಾರದು. ಪೋಸ್ಟರಿನಲ್ಲಿ ಆಗಲೇ ಹಾಕಿಯಾಗಿದೆ, ನೀವು ನಗಿಸದಿದ್ದರೆ ಜನ ಬರುವುದಿಲ್ಲ. ಇಷ್ಟು ಅವರ ಬೇಡಿಕೆ.

ನಾನು ಒಪ್ಪಿದೆ. ಇವತ್ತಿಗೂ ಆ ಕ್ಷಣ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಹತ್ತು ನಿಮಿಷ ಆ ಮಾತಿನಲ್ಲಿ ನಗಿಸಿ, ಹನ್ನೊಂದನೇ ನಿಮಿಷಕ್ಕೆ ಅದೇ ಮಾತಿನಲ್ಲಿ ಅಳಿಸಬಹುದು ಅಂದುಕೊಂಡೆ. ಕಾರ್ಖಾನೆಯಲ್ಲಿ ಒಂದು ಬೋಲ್ಟಿಗೆ ಎಷ್ಟು ಭಾರ ತಡೆಯುವ ಶಕ್ತಿ ಅಂತ ಲೆಕ್ಕ ಹಾಕುವ ನಾನು ಇದನ್ನು ಲೆಕ್ಕ ಹಾಕಲಿಲ್ಲ.

ದುಂಡಪ್ಪನ ಪಾತ್ರಕ್ಕೆ ಸಿಕ್ಕವನು ಮಯಾಂಕ್. ಇಲ್ಲೇ ಬೆಳೆದ ಹುಡುಗ, ದೂರದ ಕಾರ್ಲ್‌ಸ್ಟಾಡ್‌ನಲ್ಲಿ ಓದುತ್ತಾನೆ, ಅವನಿಗೂ ಹತ್ತೊಂಬತ್ತು. ವಾರಕ್ಕೆರಡು ಸಲ ವಿಡಿಯೋದಲ್ಲಿ ಮಾತು ಕಲಿಸಿದೆ, ರಿಹರ್ಸಲ್ಲಿಗೆ ಮಾತ್ರ ರೈಲು ಹತ್ತಿ ಬರುತ್ತಿದ್ದ. ಸ್ವೀಡಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ. ಅವನು ಒಂದು ಸಲವೂ ನಗಲಿಲ್ಲ. ಅವನಿಗೆ ಬೆಂಗಳೂರಿನ ಕನ್ನಡವೂ ಅಷ್ಟೇ ದೂರ, ನಮ್ಮದೂ ಅಷ್ಟೇ ದೂರ. ಒಂದು ದಿನ, ಅಂಕಲ್, ಒಳಗೆ ಹೋಗಿ ಅಳು ಅಂತ ಯಾಕೆ ಹೇಳ್ತಾನೆ, ಸುಮ್ಮನೆ ಅಳಬೇಡ ಅನ್ನಬಹುದಲ್ವಾ ಅಂತ ಕೇಳಿದ. ಅಳಬೇಡ ಅನ್ನುವ ಹಕ್ಕು ತನಗಿಲ್ಲ ಅಂತ ಅವನಿಗೆ ಗೊತ್ತಿತ್ತು, ಆದರೆ ಆ ಅಳು ನೋಡುವ ಹಕ್ಕು ಪೊಲೀಸರಿಗೂ ಇಲ್ಲ ಅಂದೆ. ಮಯಾಂಕ್ ಇನ್ನೊಂದು ಸಲ ಹೇಳಿಕೊಡಿ ಅಂದ.

ತಾಯಿಯ ಪಾತ್ರ ಅಹನಾಳದು. ಅವಳಿಗೆ ಮಾತೇ ಇರಲಿಲ್ಲ. ಓಡಿ ಬರಬೇಕು, ಅವನ ಮಾತು ಕೇಳಬೇಕು, ಮುಖ ಒರೆಸಿಕೊಂಡು ಒಳಗೆ ಹೋಗಬೇಕು. ಮೊದಲ ರಿಹರ್ಸಲ್‌ನಲ್ಲಿ ಮಯಾಂಕ್ ಆ ಮಾತು ಹೇಳಿದಾಗ ಅವಳ ತುಟಿಯಲ್ಲಿ ನಗು ಬಂತು. ಮೂರನೇ ವಾರಕ್ಕೆ ಬರುವುದು ನಿಂತಿತು. ಒಂದು ಸಂಜೆ ಬಸ್ಸಿಗೆ ಕಾಯುವಾಗ, ಆಮೇಲೆ ಆ ಅಮ್ಮ ಎಷ್ಟು ವರ್ಷ ಬದುಕಿದ್ದರು ಅಂತ ಕೇಳಿದಳು. ಮೂವತ್ತು ವರ್ಷ ಅಂದೆ. ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನನಗೆ ಗೆದ್ದೆ ಅನ್ನಿಸಿತು.

ಆಗಸ್ಟಿನ ಮೂರನೇ ಶನಿವಾರ, ಕೊಮ್ಯೂನ್ ಅನ್ನುವ ಇಲ್ಲಿನ ನಗರಸಭೆಯವರಿಂದ ಬಾಡಿಗೆಗೆ ಪಡೆದ ಶಾಲೆಯ ಹಾಲ್. ನೂರಿಪ್ಪತ್ತು ಜನ. ಹಿಂದಿನ ಟೇಬಲ್ಲುಗಳ ಮೇಲೆ ಬಿಸಿಬೇಳೆಬಾತಿನ ಪಾತ್ರೆಗಳು, ಜೂಸಿನ ಡಬ್ಬಿಗಳು. ಬಣ್ಣ ಬಣ್ಣದ ಕುರ್ತಾ, ಕೈಯಲ್ಲಿ ಕಾಗದದ ಬಾವುಟ. ಊಟಕ್ಕೆ ಮುಂಚೆ ನಾಟಕ, ನಾಟಕ ಆದ ಕೂಡಲೇ ಸನ್ಮಾನ ಅಂತ ಸುದರ್ಶನ್ ಮೈಕಿನಲ್ಲಿ ಹೇಳಿದರು.

ಖಾಕಿ ಚಡ್ಡಿ, ದಿಂಬು ಕಟ್ಟಿದ ಹೊಟ್ಟೆ, ಹಳದಿ ಟೋಪಿ ಹಾಕಿಕೊಂಡು ನಾನು ಒಳಗೆ ಬಂದೆ. ಬಾಯಿ ತೆರೆಯುವ ಮೊದಲೇ ಶಿಳ್ಳೆ. ಏನ್ರೀ ಸಾಹೇಬ್ರ ಅಂದೆ, ಹಾಲ್ ಎದ್ದು ಬಿದ್ದು ನಕ್ಕಿತು. ಭಜಿ ಜೋಕು, ರೊಟ್ಟಿ ಜೋಕು, ಲಾಠಿ ಕಾಲಿಗೆ ಸಿಕ್ಕಿ ಬೀಳುವುದು. ಎಲ್ಲ ಮಾಡಿದೆ. ನಾಚಿಕೆಯ ಸಂಗತಿ ಏನೆಂದರೆ ನನಗೆ ಖುಷಿಯಾಯಿತು. ಮುಂದಿನ ಸಾಲಿನಲ್ಲಿ ಬಳಗದ ಅಧ್ಯಕ್ಷ ವೆಂಕಟೇಶ ಅವರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಿಗೆ ಇನ್ನೂ ಒಂದು ಕೊಡೋಣ ಅಂತ ಸ್ಕ್ರಿಪ್ಟಿನಲ್ಲಿ ಇಲ್ಲದ ಒಂದು ಜೋಕನ್ನೂ ಸೇರಿಸಿದೆ.

ಕೊನೆಯ ದೃಶ್ಯ ಬಂತು. ದೀಪ ಸ್ವಲ್ಪ ಕಡಿಮೆ ಮಾಡಿದರು. ನಾನು ಮಯಾಂಕನ ರಟ್ಟೆ ಹಿಡಿದು ಎಳೆದುಕೊಂಡು ಹೊರಟೆ. ಅಹನಾ ಇಳಕಲ್ ಸೀರೆಯುಟ್ಟು ಹಿಂದಿನಿಂದ ಓಡಿ ಬಂದಳು. ಅದು ನಮ್ಮವ್ವನ ಸೀರೆ. ಮಯಾಂಕ್ ತಿರುಗಿದ. ಕಲಿಸಿದ್ದಕ್ಕಿಂತ ಚೆನ್ನಾಗಿ, ದನಿ ಏರಿಸದೆ, ಅಜ್ಜ ಹೇಳುತ್ತಿದ್ದ ಹಾಗೇ ಹೇಳಿದ. ಅಳಬ್ಯಾಡ ಯವ್ವಾ.

ಹಾಲ್ ನಕ್ಕಿತು.

ಯಾರೋ ಒಬ್ಬಿಬ್ಬರಲ್ಲ. ಇಡೀ ಹಾಲ್ ಘೊಳ್ಳೆಂದಿತು. ಮಯಾಂಕ್ ತಡೆದು, ಇವರ ಮುಂದ ಅಳಬ್ಯಾಡ ಅಂದ. ಮತ್ತೆ ನಗು. ಬಾಗಲಾ ಅನ್ನುವ ಮಾತಿಗೆ ಹಿಂದಿನ ಸಾಲಿನಿಂದ ಯಾರೋ ಅದನ್ನೇ ಎಳೆದು ಎಳೆದು ಅಂದು ಅಣಕಿಸಿದರು. ನನಗೆ ತಲೆ ಕೆಟ್ಟುಹೋಯಿತು. ಜನರ ಕಡೆ ತಿರುಗಿ, ಬಾಯಿ ಮುಚ್ಚರಿ ಅಂತ ಚೀರಿದೆ. ನಗು ಇಮ್ಮಡಿಯಾಯಿತು. ಪೇದೆ ಚೀರಿದರೆ ನಗಬೇಕು, ಅದನ್ನೇ ಅಲ್ಲವೇ ಹತ್ತು ನಿಮಿಷದಿಂದ ನಾನು ಅಭ್ಯಾಸ ಮಾಡಿಸಿದ್ದು? ಹತ್ತು ನಿಮಿಷವೂ ಅಲ್ಲ, ಹನ್ನೊಂದು ವರ್ಷ.

ಅಹನಾ ಮಾತ್ರ ತನ್ನ ಕೆಲಸ ಮಾಡಿದಳು. ಮುಖ ಒರೆಸಿಕೊಂಡಳು, ನೂರಿಪ್ಪತ್ತು ಜನರನ್ನು ಒಂದು ಸಲ ನೇರವಾಗಿ ನೋಡಿದಳು, ಒಳಗೆ ಹೋದಳು. ಪರದೆ ಬಿತ್ತು.

ಪರದೆಯ ಹಿಂದೆ ಮಯಾಂಕ್ ಬೆಂಚಿನ ಮೇಲೆ ಕೂತು, ನಾನು ತಪ್ಪು ಹೇಳಿದೆನಾ ಅಂಕಲ್ ಅಂತ ಕೇಳಿದ. ಒಂದಕ್ಷರವೂ ತಪ್ಪಾಗಿಲ್ಲ ಅಂದೆ. ಅಹನಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಯಾಕೆ ನಕ್ಕರು?" ಅಂದಳು. ನನ್ನ ಜೊತೆ ಯಾವಾಗಲೂ ಸ್ವೀಡಿಷ್ ಆಡುವವಳು ಕನ್ನಡದಲ್ಲಿ ಕೇಳಿದಳು. "ಅವನು ಸಾಯ್ತಾನೆ. ಯಾಕೆ ನಕ್ಕರು, ಪಪ್ಪಾ?"

ಜನಕ್ಕೆ ಬುದ್ಧಿ ಇಲ್ಲ ಅನ್ನಬಹುದಿತ್ತು. ಸುದರ್ಶನ್ ಮೇಲೆ ಹಾಕಬಹುದಿತ್ತು. ಎರಡೂ ನಾಲಗೆಯ ತುದಿಗೆ ಬಂದವು. ಆದರೆ ಅವಳು ನೋಡುತ್ತಿದ್ದದ್ದು ನನ್ನ ಹೊಟ್ಟೆಗೆ ಕಟ್ಟಿದ ದಿಂಬನ್ನು.

"ನಾನು ನಗಿಸಿದ್ದಕ್ಕೆ," ಅಂದೆ.

ಅವಳು ಅಲ್ಲ ಅನ್ನಲಿಲ್ಲ, ಸಮಾಧಾನ ಮಾಡಲಿಲ್ಲ. ಹಾಗಾದರೆ ಹೋಗಿ ಹೇಳು ಅಂದಳು.

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಬಂತು. ನಮ್ಮೆಲ್ಲರನ್ನೂ ನಗಿಸಿ ನಲಿಸಿದ ಹಾಸ್ಯ ಕಲಾವಿದನಿಗೆ ಬಳಗದಿಂದ ಕಿರು ಸನ್ಮಾನ. ವೆಂಕಟೇಶ ಅವರು ಮೈಸೂರು ಪೇಟ ಹಿಡಿದು ವೇದಿಕೆಗೆ ಬಂದಿದ್ದರು, ಸುದರ್ಶನ್ ಕೈಯಲ್ಲಿ ಶಾಲು ಮತ್ತು ಹಣ್ಣಿನ ಬುಟ್ಟಿ. ನಾನು ದಿಂಬು ಬಿಚ್ಚಿ ಬೆಂಚಿನ ಮೇಲೆ ಎಸೆದು ಹೊರಗೆ ಹೋದೆ. ವೆಂಕಟೇಶ ಪೇಟ ಎತ್ತಿದರು. ಬಗ್ಗಿದರೆ ತಲೆಗೆ ಸಿಗುತ್ತಿತ್ತು, ನಾನು ಬಗ್ಗಲಿಲ್ಲ. ಸ್ಟ್ಯಾಂಡಿನಲ್ಲಿದ್ದ ಮೈಕ್ ತೆಗೆದುಕೊಂಡೆ.

"ದುಂಡಪ್ಪ ನಮ್ಮ ದೊಡ್ಡಜ್ಜ ಆಗಬೇಕ್ರಿ," ಅಂದೆ. ನಗು ಎದ್ದಿತು. ಸ್ಪೀಕರಿನಲ್ಲಿ ನನ್ನ ದನಿ ನನಗೇ ಕೇಳಿಸಿತು. ಕೊನೆಯ ಅಕ್ಷರ ಎಳೆದಿದ್ದೆ, ಹುಬ್ಬು ತಾನಾಗಿ ಮೇಲೆ ಹೋಗಿತ್ತು. ನಮ್ಮ ಮಾತನ್ನು ನೆಟ್ಟಗೆ ಆಡುವುದೇ ನನಗೆ ಮರೆತುಹೋಗಿತ್ತು. ಆಗ ಆದ ಸಿಟ್ಟು ಯಾರ ಮೇಲಿನದೂ ಅಲ್ಲ, ಬರೀ ನನ್ನ ಮೇಲಿನದು.

ನಗು ನಿಲ್ಲುವವರೆಗೂ ಸುಮ್ಮನೆ ನಿಂತೆ. ಆಮೇಲೆ ಹುಬ್ಬು ಇಳಿಸಿ, ಅವ್ವ ಫೋನಿನಲ್ಲಿ ಮಾತಾಡುವಷ್ಟೇ ಮೆಲ್ಲಗೆ, ಮೊದಲಿನಿಂದ ಹೇಳಿದೆ. ಅವನು ಯಾವ ಊರಿನವನು, ಏನು ಸುಟ್ಟ, ಯಾವ ಹಬ್ಬದ ದಿನ ಮನೆಗೆ ಬಂದ. ಅವನನ್ನು ಎಳೆದುಕೊಂಡು ಹೋದ ಪೊಲೀಸನೂ ನಮ್ಮ ಸೀಮೆಯವನೇ, ನಮ್ಮ ಮಾತೇ ಆಡುತ್ತಿದ್ದವನು ಅನ್ನುವುದನ್ನೂ ಹೇಳಿದೆ. ನಲವತ್ತೊಂದು ದಿನದ ಸುದ್ದಿ ಹೇಳಿದೆ. ನಡುವೆ ಎಲ್ಲೋ ಒಂದೆರಡು ಕಡೆ ನಗು ಎದ್ದು ಅಲ್ಲಲ್ಲೇ ಸತ್ತಿತು. ವೆಂಕಟೇಶ ಮಾತ್ರ ಪೇಟ ಹಿಡಿದುಕೊಂಡು ಮುಗುಳ್ನಗುತ್ತಲೇ ಇದ್ದರು, ಕೊನೆಗೆ ಜೋಕು ಬರುತ್ತದೆ ಅಂತ. ಸುದರ್ಶನ್ ನನ್ನ ಕಿವಿಯ ಹತ್ತಿರ ಬಂದು, ಊಟ ಆರಿ ಹೋಗುತ್ತೆ, ಸಾಕು ಅಂದರು.

"ಈ ಮಾತಿಗೆ ನಗೂದನ್ನ ನಿಮಗ ಕಲಿಸಿದಾಂವ ನಾನಽ," ಅಂದೆ. "ತಪ್ಪು ನಂದು. ಇವತ್ತಿನಿಂದ ನಾ ನಿಮ್ಮ ಜೋಡಿ ಹಿಂಗಽ ಮಾತಾಡ್ತೇನಿ. ಮೀಟಿಂಗಿನ್ಯಾಗ, ಫೋನಿನ್ಯಾಗ, ಯಾರರೆ ಸತ್ತಾಗ ಮಾತಾಡ್ಸಾಕ ಬಂದಾಗ, ಹಿಂಗಽ. ಯಾರಿಗೆ ಇನ್ನೂ ನಗು ಬಾಕಿ ಐತಿ, ಅವರು ಈಗ ನಕ್ಕು ಮುಗಿಸ್ರಿ. ನಾ ನಿಂತಿರ್ತೇನಿ."

ಕಾಗದದ ಬಾವುಟಗಳು ಮಡಿಲಲ್ಲಿ ಬಿದ್ದಿದ್ದವು. ವೆಂಕಟೇಶ ಅವರ ಮುಖದ ನಗು ಎಲ್ಲಿಡಬೇಕೆಂದು ತಿಳಿಯದೆ ಅಲ್ಲೇ ಉಳಿದಿತ್ತು. ಪಕ್ಕದಲ್ಲಿ ಸೀರೆಯ ಸದ್ದಾಯಿತು. ಅಹನಾ ಬಂದು ನನ್ನ ಪಕ್ಕದಲ್ಲಿ ನಿಂತಳು. ನನ್ನನ್ನು ನೋಡಲಿಲ್ಲ, ಕೈ ಹಿಡಿಯಲಿಲ್ಲ, ಅವರನ್ನೇ ನೋಡುತ್ತಿದ್ದಳು. ಮೊದಲನೇ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಬ್ಬೊಬ್ಬರನ್ನೇ. ನನ್ನನ್ನು ನೋಡುವ ಸರದಿಯೂ ಬರುತ್ತದೆ ಅಂತ ನನಗೆ ಗೊತ್ತಿತ್ತು. ನಾನು ಮೈಕ್ ಹಿಡಿದು ಕಾಯುತ್ತಾ ನಿಂತೆ.